ದೆಹಲಿ–ಟೋಕಿಯೊ ವಿಮಾನ ಪ್ರಯಾಣ: ನಿಜವಾದ ದೂರ ಎಷ್ಟು, ಕುಳಿತಿರಬೇಕಾದ ಹೊತ್ತು ಎಷ್ಟು?

ಪ್ರಶ್ನೆ: ಪಯಣಾಪೇಕ್ಷಿ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾನು ನನ್ನ ತಾಯಿಯವರನ್ನು ಕರೆದುಕೊಂಡು ದೆಹಲಿಯಿಂದ ಟೋಕಿಯೊಗೆ ಹೋಗಿ, ಕೆಲವು ವಾರಗಳ ನಂತರ ಹಿಂತಿರುಗುವ ಯೋಚನೆಯಲ್ಲಿದ್ದೇನೆ. ತಾಯಿಯವರಿಗೆ ವಯಸ್ಸಾಗಿದೆ; ಬಹಳ ಹೊತ್ತು ಒಂದೇ ಕಡೆ ಕುಳಿತರೆ ಕಾಲು ಊದಿಕೊಳ್ಳುತ್ತದೆ. ಅದರ ಜೊತೆಗೆ ಹನ್ನೆರಡು ಗಂಟೆಗೊಮ್ಮೆ, ಬೆಳಿಗ್ಗೆ 8ಕ್ಕೆ ಮತ್ತು ರಾತ್ರಿ 8ಕ್ಕೆ, ತಪ್ಪದೆ ತೆಗೆದುಕೊಳ್ಳಬೇಕಾದ ಮಾತ್ರೆಯೊಂದಿದೆ. ಆದ್ದರಿಂದ ಗಡಿಯಾರ ಏನೇ ತೋರಿಸಲಿ, ವಿಮಾನದೊಳಗೆ ಅವರು ನಿಜವಾಗಿ ಎಷ್ಟು ಗಂಟೆ ಕುಳಿತಿರಬೇಕಾಗುತ್ತದೆ ಎಂಬುದನ್ನು ನಾನು ಮೊದಲೇ ತಿಳಿದುಕೊಳ್ಳಬೇಕಾಗಿದೆ.

ಲೆಕ್ಕ ಹಾಕಲು ಕುಳಿತಾಗ ಮೂರು ಕಡೆ ಗೊಂದಲವಾಯಿತು. ಎರಡು ನಗರಗಳ ನಡುವಿನ ದೂರ ಸುಮಾರು 5,860 ಕಿಲೋಮೀಟರ್ ಎಂದು ಒಂದು ಕಡೆ ಇದ್ದರೆ, ವಿಮಾನಗಳು ಸಾಗಿದ ದಾರಿಯನ್ನು ತೋರಿಸುವ ನಕ್ಷೆಗಳಲ್ಲಿ ಅದು ಹಲವು ನೂರು ಕಿಲೋಮೀಟರ್ ಹೆಚ್ಚಾಗಿಯೇ ಕಾಣುತ್ತದೆ. 5,860ನ್ನು ಗಂಟೆಗೆ 900 ಕಿಲೋಮೀಟರ್ ವೇಗದಿಂದ ಭಾಗಿಸಿದರೆ ಆರೂವರೆ ಗಂಟೆ ಬರುತ್ತದೆ. ಆದರೆ ನಾನು ನೋಡುತ್ತಿರುವ ವಿಮಾನ ದೆಹಲಿಯಿಂದ ರಾತ್ರಿ 8:00ಕ್ಕೆ ಹೊರಟು ಟೋಕಿಯೊವನ್ನು ಮರುದಿನ ಬೆಳಿಗ್ಗೆ 7:10ಕ್ಕೆ ತಲುಪುತ್ತದೆ. ಹಿಂತಿರುಗುವ ವಿಮಾನ ಟೋಕಿಯೊದಿಂದ ಬೆಳಿಗ್ಗೆ 11:00ಕ್ಕೆ ಹೊರಟು ಅದೇ ದಿನ ಸಂಜೆ 5:00ಕ್ಕೆ ದೆಹಲಿಗೆ ಬರುತ್ತದೆ. ಮೇಲ್ನೋಟಕ್ಕೆ ಹೋಗುವಾಗ ಹನ್ನೊಂದು ಗಂಟೆ ಹತ್ತು ನಿಮಿಷ, ಬರುವಾಗ ಕೇವಲ ಆರು ಗಂಟೆ. ಕಾಲಮಾನದ ವ್ಯತ್ಯಾಸದ ಪಾತ್ರ ಇದರಲ್ಲಿದೆ ಎಂದು ಗೊತ್ತಿದೆ. ಆದರೆ ಅದನ್ನು ಸರಿಪಡಿಸಿದ ಮೇಲೂ ಎರಡು ದಿಕ್ಕಿನ ಸಮಯ ಒಂದೇ ಆಗುತ್ತಿಲ್ಲ. ದಯವಿಟ್ಟು ತಿಳಿದವರು ವಿವರಿಸಬೇಕು.

---

ಉತ್ತರ: ವೇಳಾಪಟ್ಟಿ_ಓದುಗ

ನಿಮ್ಮ ಮೂರು ಗೊಂದಲಗಳಲ್ಲಿ ಗಡಿಯಾರದ್ದನ್ನು ನಾನು ಬಿಡಿಸುತ್ತೇನೆ. ದೂರದ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಟಿಕೆಟಿನ ಮೇಲೆ ಅಚ್ಚಾಗುವ ಎಲ್ಲ ಸಮಯಗಳೂ ಆಯಾ ವಿಮಾನ ನಿಲ್ದಾಣದ ಸ್ಥಳೀಯ ಸಮಯಗಳು. ಭಾರತೀಯ ಕಾಲಮಾನವನ್ನು 82.5 ಡಿಗ್ರಿ ಪೂರ್ವ ರೇಖಾಂಶದ ಆಧಾರದ ಮೇಲೆ, ಜಪಾನಿನ ಕಾಲಮಾನವನ್ನು ಆಕಾಶಿ ನಗರದ ಮೂಲಕ ಹಾದುಹೋಗುವ 135 ಡಿಗ್ರಿ ಪೂರ್ವ ರೇಖಾಂಶದ ಆಧಾರದ ಮೇಲೆ ನಿಗದಿಪಡಿಸಲಾಗಿದೆ. ಎರಡರ ನಡುವೆ 52.5 ಡಿಗ್ರಿ ಅಂತರವಿದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ವ್ಯತ್ಯಾಸ ಸರಿಯಾಗಿ ಮೂರೂವರೆ ಗಂಟೆ, ಟೋಕಿಯೊ ಮುಂದೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ಈಗ ಎರಡೂ ದೇಶಗಳಲ್ಲಿ ಇಲ್ಲದಿರುವುದರಿಂದ ಈ ಮೂರೂವರೆ ಗಂಟೆ ವರ್ಷವಿಡೀ ಬದಲಾಗುವುದಿಲ್ಲ. ಯುರೋಪಿಗೆ ಹೋಗುವವರಿಗೆ ಇಷ್ಟು ನಿಶ್ಚಿಂತೆ ಇರುವುದಿಲ್ಲ.

ಈಗ ನಿಮ್ಮ ವಿಮಾನಗಳನ್ನು ನೋಡೋಣ. ಟೋಕಿಯೊದ ಬೆಳಿಗ್ಗೆ 7:10 ಎಂದರೆ ಭಾರತದಲ್ಲಿ ನಸುಕಿನ 3:40. ರಾತ್ರಿ 8:00ರಿಂದ 3:40ರವರೆಗೆ ಎಣಿಸಿದರೆ 7 ಗಂಟೆ 40 ನಿಮಿಷ. ಹಿಂತಿರುಗುವಾಗ ಟೋಕಿಯೊದ ಬೆಳಿಗ್ಗೆ 11:00 ಎಂದರೆ ಭಾರತದ ಬೆಳಿಗ್ಗೆ 7:30. ಅಲ್ಲಿಂದ ಸಂಜೆ 5:00ರವರೆಗೆ 9 ಗಂಟೆ 30 ನಿಮಿಷ. ಟಿಕೆಟ್ ನೋಡಿದರೆ ಆರೇ ಗಂಟೆಯದೆನಿಸುವ ವಾಪಸು ಪ್ರಯಾಣವೇ ಎರಡರಲ್ಲಿ ದೀರ್ಘವಾದದ್ದು, ಅದೂ ಹೆಚ್ಚುಕಡಿಮೆ ಎರಡು ಗಂಟೆಯಷ್ಟು. ತಾಯಿಯವರ ಕಾಲಿನ ಬಗ್ಗೆ ಹೆಚ್ಚು ಮುನ್ನೆಚ್ಚರಿಕೆ ಬೇಕಾಗುವುದು ಬರುವಾಗಲೇ.

ಇನ್ನೊಂದು ಮಾತನ್ನು ಗಮನದಲ್ಲಿಡಿ. ವೇಳಾಪಟ್ಟಿಯ ಸಮಯ ಎಂದರೆ ವಿಮಾನವು ಆಕಾಶದಲ್ಲಿರುವ ಸಮಯವಷ್ಟೇ ಅಲ್ಲ. ನಿಲುಗಡೆಯ ಜಾಗದಿಂದ ವಿಮಾನವನ್ನು ಹಿಂದಕ್ಕೆ ತಳ್ಳಿದ ಕ್ಷಣದಿಂದ ಹಿಡಿದು, ಇನ್ನೊಂದು ತುದಿಯಲ್ಲಿ ಅದು ನಿಂತು ಚಕ್ರಗಳಿಗೆ ಅಡ್ಡಗಟ್ಟೆ ಇಡುವವರೆಗಿನ ಅವಧಿ ಅದು. ದೆಹಲಿಯಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇ ತಲುಪಲು ನೆಲದ ಮೇಲೆಯೇ ಕಾಲು ಗಂಟೆಯಿಂದ ಅರ್ಧ ಗಂಟೆ ಹಿಡಿಯಬಹುದು, ಟೋಕಿಯೊದಲ್ಲಿ ಇಳಿದ ಮೇಲೂ ಸ್ವಲ್ಪ ಹೊತ್ತು ಬೇಕು. ತಡವಾದೀತೆಂಬ ಮುಂದಾಲೋಚನೆಯಿಂದ ವಿಮಾನ ಸಂಸ್ಥೆಗಳು ಕೆಲವು ನಿಮಿಷಗಳನ್ನು ಸೇರಿಸಿಯೇ ಇರುತ್ತವೆ. ಇವೆಲ್ಲಕ್ಕಿಂತ ಮೊದಲು, ಪ್ರಯಾಣಿಕರು ಹೊರಡುವುದಕ್ಕೆ ಅರ್ಧ ಗಂಟೆಗೂ ಮುಂಚೆಯೇ ಆಸನದಲ್ಲಿ ಕುಳಿತಿರುತ್ತಾರೆ. ಹಾಗಾಗಿ ಕುಳಿತಿರುವ ಹೊತ್ತನ್ನು ಹೋಗುವಾಗ ಎಂಟೂಕಾಲು ಗಂಟೆ, ಬರುವಾಗ ಹತ್ತು ಗಂಟೆ ಎಂದು ಎಣಿಸಿಕೊಳ್ಳುವುದು ಕ್ಷೇಮ.

ಮಾತ್ರೆಯ ವಿಷಯ. ಹೋಗುವ ದಿನ ರಾತ್ರಿ 8ರ ಮಾತ್ರೆಯನ್ನು ಆಸನದಲ್ಲಿ ಕುಳಿತ ಕೂಡಲೇ ಕೊಟ್ಟರಾಯಿತು. ಮುಂದಿನ ಮಾತ್ರೆ ಭಾರತದ ಬೆಳಿಗ್ಗೆ 8ಕ್ಕೆ, ಅಂದರೆ ಟೋಕಿಯೊದ ಗಡಿಯಾರದಲ್ಲಿ 11:30ಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ನೀವು ಇಳಿದು ನಾಲ್ಕು ಗಂಟೆಗೂ ಹೆಚ್ಚಾಗಿರುತ್ತದೆ. ಅಲ್ಲಿನ ಗೋಡೆ ಗಡಿಯಾರ ನೋಡಿ 8 ಗಂಟೆಗೆ ಕೊಟ್ಟುಬಿಟ್ಟರೆ ಎರಡು ಮಾತ್ರೆಗಳ ನಡುವಿನ ಅಂತರ ಎಂಟೂವರೆ ಗಂಟೆಗೆ ಇಳಿಯುತ್ತದೆ. ಬರುವ ದಿನ, ಭಾರತದ ಬೆಳಿಗ್ಗೆ 8 ಎಂದರೆ ವಿಮಾನ ಹೊರಟು ಅರ್ಧ ಗಂಟೆಯಾದಾಗ; ಆದ್ದರಿಂದ ಮಾತ್ರೆ ಕೈಚೀಲದಲ್ಲಿಯೇ ಇರಬೇಕು, ದೊಡ್ಡ ಸಾಮಾನಿನಲ್ಲಿ ಇರಬಾರದು. ಟೋಕಿಯೊದಲ್ಲಿರುವಷ್ಟು ದಿನ 11:30ರ ಕ್ರಮವನ್ನೇ ಮುಂದುವರಿಸಬೇಕೇ, ಇಲ್ಲವೇ ದಿನಕ್ಕಿಷ್ಟು ಎಂದು ಸರಿಸಿಕೊಂಡು ಅಲ್ಲಿನ 8ಕ್ಕೆ ತರಬಹುದೇ ಎಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ. ಕೇಳುವಾಗ ಈ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೂ ಸುಲಭ.

---

ಉತ್ತರ: ನಕ್ಷೆಯ_ಒಲವು

ದೂರದ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

5,860 ಕಿಲೋಮೀಟರ್ ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರದ ದಾರಿ ಎಂದರೆ ಮಹಾವೃತ್ತದ ಕಂಸ, ಅಂದರೆ ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಒಂದು ತುಂಡು. ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣ 28.57 ಡಿಗ್ರಿ ಉತ್ತರ, 77.10 ಡಿಗ್ರಿ ಪೂರ್ವದಲ್ಲಿದೆ. ಟೋಕಿಯೊದ ಹನೆಡಾ ನಿಲ್ದಾಣ 35.55 ಡಿಗ್ರಿ ಉತ್ತರ, 139.78 ಡಿಗ್ರಿ ಪೂರ್ವದಲ್ಲಿದೆ. ಗೋಳ ತ್ರಿಕೋನಮಿತಿಯ ಸೂತ್ರದಲ್ಲಿ ಇವನ್ನು ಇಟ್ಟರೆ ಎರಡರ ನಡುವೆ ಭೂಮಿಯ ಕೇಂದ್ರದಲ್ಲಿ ಉಂಟಾಗುವ ಕೋನ ಸುಮಾರು 52.7 ಡಿಗ್ರಿ ಎಂದು ಸಿಗುತ್ತದೆ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್, ಗುಣಿಸಿದರೆ ಸುಮಾರು 3,160 ನಾಟಿಕಲ್ ಮೈಲಿ, ಅಥವಾ 5,860 ಕಿಲೋಮೀಟರ್. ಭೂಮಿ ಧ್ರುವಗಳ ಬಳಿ ಕೊಂಚ ಚಪ್ಪಟೆಯಾಗಿರುವುದರಿಂದ ಬೇರೆ ಬೇರೆ ಕಡೆ ಹತ್ತಿಪ್ಪತ್ತು ಕಿಲೋಮೀಟರ್ ಹೆಚ್ಚುಕಡಿಮೆ ಕಾಣಬಹುದು, ಅದರಿಂದ ಪ್ರಯಾಣಿಕರಿಗೆ ಆಗಬೇಕಾದದ್ದು ಏನೂ ಇಲ್ಲ.

ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಟೋಕಿಯೊ ದೆಹಲಿಯ ಪೂರ್ವಕ್ಕೆ, ಸ್ವಲ್ಪವೇ ಉತ್ತರಕ್ಕೆ ಇದ್ದಂತೆ ಕಾಣುತ್ತದೆ. ಮಹಾವೃತ್ತದ ದಾರಿಯಾದರೋ ದೆಹಲಿಯನ್ನು ಬಿಡುವಾಗ ಈಶಾನ್ಯ ದಿಕ್ಕನ್ನು ಹಿಡಿಯುತ್ತದೆ. ಒಂದು ಗೋಳದ ಮೇಲೆ ದಾರ ಎಳೆದು ನೋಡಿ: ಅದು ಉತ್ತರಾಖಂಡದ ಪಿಥೋರಾಗಢದ ಸಮೀಪ ಹಾದು, ಹಿಮಾಲಯವನ್ನು ದಾಟಿ, ಮಾನಸ ಸರೋವರವನ್ನು ಎಡಕ್ಕೆ ಬಿಟ್ಟು, ಟಿಬೆಟ್ ಪ್ರಸ್ಥಭೂಮಿಯ ನಡುವೆ ಲಾಸಾಕ್ಕಿಂತ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರದಲ್ಲಿ ಸಾಗಿ, ಚೀನಾದ ಲಾನ್‌ಝೌ ಮತ್ತು ಜಿನಾನ್ ನಗರಗಳ ಹತ್ತಿರದಿಂದ ಹಳದಿ ಸಮುದ್ರಕ್ಕೆ ಇಳಿದು, ಸಿಯೋಲ್‌ನ ದಕ್ಷಿಣಕ್ಕೆ ಕೊರಿಯಾವನ್ನು ದಾಟಿ, ಕೊನೆಗೆ ತುಸು ಆಗ್ನೇಯಕ್ಕೆ ಬಾಗುತ್ತಾ ಟೋಕಿಯೊ ಸೇರುತ್ತದೆ. ಮಾನಸ ಸರೋವರದ ಪಕ್ಕದಲ್ಲಿ ಹಾದು ಟೋಕಿಯೊಗೆ ಹೋಗುವ ದಾರಿಯೇ ಎಲ್ಲಕ್ಕಿಂತ ಹತ್ತಿರದ್ದು ಎಂಬುದನ್ನು ಚಪ್ಪಟೆ ನಕ್ಷೆಯಿಂದ ಯಾರೂ ಊಹಿಸಲಾರರು.

ಆದರೆ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಈ ದಾರಿಯಲ್ಲಿ ಹೋಗುವುದಿಲ್ಲ. ಪರ್ವತಗಳ ಎತ್ತರ ನೇರವಾಗಿ ಅಡ್ಡಿಯಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ಎವರೆಸ್ಟ್ 8,849 ಮೀಟರ್ ಎತ್ತರವಿದ್ದರೆ ವಿಮಾನಗಳು ಹಾರುವುದು 11,000–12,000 ಮೀಟರ್ ಎತ್ತರದಲ್ಲಿ, ಹಾಗಾಗಿ ಮೇಲಿಂದ ದಾಟುವುದಕ್ಕೆ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ಕೆಳಗಿಳಿಯಬೇಕಾಗಿ ಬಂದಾಗ. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಚಾಲಕರು ಜನ ಸಹಜವಾಗಿ ಉಸಿರಾಡಬಲ್ಲ ಸುಮಾರು 10,000 ಅಡಿಗೆ, ಅಂದರೆ 3,000 ಮೀಟರಿನಷ್ಟು ಎತ್ತರಕ್ಕೆ, ಬೇಗನೆ ಇಳಿಯಬೇಕು. ತಲೆಯ ಮೇಲಿಂದ ಬೀಳುವ ಮುಖವಾಡಗಳಲ್ಲಿ ಬಹಳಷ್ಟು ವಿಮಾನಗಳಲ್ಲಿ ಆಮ್ಲಜನಕ ಸಿಗುವುದು ಕಾಲು ಗಂಟೆಯ ಆಸುಪಾಸಿಗೆ ಮಾತ್ರ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರಿಗೂ ಹೆಚ್ಚು, ಮತ್ತು ಅದು ಸಾವಿರಾರು ಕಿಲೋಮೀಟರ್ ಹರಡಿಕೊಂಡಿದೆ. ಕಾಲು ಗಂಟೆಯಲ್ಲಿ ಅದರ ಅಂಚನ್ನು ದಾಟಿ ತಗ್ಗು ಪ್ರದೇಶ ಸೇರುವುದು ಸಾಧ್ಯವಿಲ್ಲ, ತುರ್ತಾಗಿ ಇಳಿಯಲು ತಕ್ಕ ನಿಲ್ದಾಣಗಳೂ ಅಲ್ಲಿ ವಿರಳ. ಒಂದು ಎಂಜಿನ್ ನಿಂತು, ಉಳಿದ ಎಂಜಿನ್ನಿನ ಬಲದ ಮೇಲೆ ವಿಮಾನ ನಿಧಾನವಾಗಿ ಎತ್ತರ ಕಳೆದುಕೊಳ್ಳುವ ಸಂದರ್ಭದಲ್ಲಿಯೂ ಇದೇ ಚಿಂತೆ. ಹೆಚ್ಚುವರಿ ಆಮ್ಲಜನಕದ ವ್ಯವಸ್ಥೆಯಿರುವ ವಿಮಾನಗಳು ಪ್ರಸ್ಥಭೂಮಿಯ ಮೇಲೆ ಹಾರುತ್ತವೆ, ಲಾಸಾಕ್ಕೆ ದಿನನಿತ್ಯ ವಿಮಾನಗಳಿವೆ; ಉಳಿದವು ಸುತ್ತು ಹಾಕುತ್ತವೆ.

ದೆಹಲಿ–ಟೋಕಿಯೊ ವಿಮಾನ ಸಾಮಾನ್ಯವಾಗಿ ಹಿಡಿಯುವ ದಾರಿ ಹಿಮಾಲಯವನ್ನು ಎಡಕ್ಕೆ ಬಿಟ್ಟುಕೊಂಡು ಗಂಗಾ ಬಯಲಿನ ಮೇಲೆ ಪೂರ್ವಕ್ಕೆ ಸಾಗಿ, ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ದಾಟಿ, ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್ ಕಡೆಯಿಂದ ಚೀನಾವನ್ನು ಪ್ರವೇಶಿಸುವಂಥದ್ದು. ಲೆಕ್ಕದ ಅನುಕೂಲಕ್ಕೆ ಢಾಕಾ ಮತ್ತು ಕುನ್ಮಿಂಗ್ ಎಂಬ ಎರಡು ಗುರುತುಗಳನ್ನು ಇಟ್ಟುಕೊಳ್ಳೋಣ: ದೆಹಲಿಯಿಂದ ಢಾಕಾಗೆ ಸುಮಾರು 1,425, ಢಾಕಾದಿಂದ ಕುನ್ಮಿಂಗ್‌ಗೆ 1,250, ಕುನ್ಮಿಂಗ್‌ನಿಂದ ಟೋಕಿಯೊಗೆ 3,725 ಕಿಲೋಮೀಟರ್. ಒಟ್ಟು 6,400. ಮಹಾವೃತ್ತಕ್ಕಿಂತ 540 ಕಿಲೋಮೀಟರ್ ಹೆಚ್ಚು, ಅಂದರೆ ನೂರಕ್ಕೆ ಒಂಬತ್ತರಷ್ಟು. ನೀವು ನಕ್ಷೆಗಳಲ್ಲಿ ಕಂಡ ಹೆಚ್ಚುವರಿ ದೂರ ಇದೇ. ಯಾವ ದಿನ ಯಾವ ವಾಯುಮಾರ್ಗ ಸಿಕ್ಕಿತು, ಎಲ್ಲಿ ಮೋಡದ ಗುಡ್ಡೆಗಳನ್ನು ಬಳಸಿಹೋಗಬೇಕಾಯಿತು ಎಂಬುದರ ಮೇಲೆ ಇದು ದಿನದಿನವೂ ಸ್ವಲ್ಪ ಬದಲಾಗುತ್ತದೆ.

ನಿಮ್ಮ ಆರೂವರೆ ಗಂಟೆಯ ಲೆಕ್ಕ ತಾಳೆಯಾಗದಿರುವುದಕ್ಕೆ ಈ ಸುತ್ತುದಾರಿಯೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ.

---

ಉತ್ತರ: ಗಾಳಿಯ_ಲೆಕ್ಕ

ನಕ್ಷೆಯ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದರ ಕೊನೆಯ ಸಾಲಿಗೆ ಒಂದು ತಿದ್ದುಪಡಿ ಬೇಕು. ಸುತ್ತುದಾರಿ ಹೋಗುವಾಗಲೂ ಇದೆ, ಬರುವಾಗಲೂ ಇದೆ. ಎರಡೂ ದಿಕ್ಕಿಗೆ ಸಮನಾಗಿ ಸೇರುವ ಸಂಗತಿಯೊಂದು 7 ಗಂಟೆ 40 ನಿಮಿಷಕ್ಕೂ 9 ಗಂಟೆ 30 ನಿಮಿಷಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲಾರದು. ಪ್ರಶ್ನೆ ಕೇಳಿದವರನ್ನು ಕಾಡುತ್ತಿರುವುದು ಆ ವ್ಯತ್ಯಾಸವೇ, ಮತ್ತು ಅದಕ್ಕೆ ಉತ್ತರ ಗಾಳಿಯಲ್ಲಿದೆ.

ಸುಮಾರು ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಮಟ್ಟದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಪಟ್ಟಿಗಳಿವೆ. ಇವನ್ನು ಜೆಟ್ ಪ್ರವಾಹಗಳು ಎನ್ನುತ್ತಾರೆ. ಉಷ್ಣವಲಯದ ಬಿಸಿ ಗಾಳಿ ಮತ್ತು ಉತ್ತರದ ತಣ್ಣನೆಯ ಗಾಳಿ ಒಂದಕ್ಕೊಂದು ಎದುರಾಗುವ ಕಡೆ ಉಷ್ಣಾಂಶದ ವ್ಯತ್ಯಾಸ ತೀವ್ರವಾಗಿರುತ್ತದೆ, ಮತ್ತು ಆ ವ್ಯತ್ಯಾಸ ಹೆಚ್ಚಿದಷ್ಟೂ ಮೇಲಿನ ಗಾಳಿಯ ವೇಗ ಹೆಚ್ಚುತ್ತದೆ. ಚಳಿಗಾಲದಲ್ಲಿ ಸೈಬೀರಿಯಾದ ಕಡೆಯ ಅತಿ ಶೀತಲ ಗಾಳಿ ದಕ್ಷಿಣಕ್ಕೆ ಒತ್ತುತ್ತದೆ, ಪೆಸಿಫಿಕ್ ಸಾಗರದ ಕಡೆ ಬೆಚ್ಚಗಿನ ಗಾಳಿ ಇರುತ್ತದೆ. ಇವೆರಡರ ನಡುವೆ ಪೂರ್ವ ಚೀನಾದಿಂದ ಜಪಾನಿನ ಮೇಲಿನವರೆಗೆ ಹಾಯುವ ಪ್ರವಾಹ ಇಡೀ ಭೂಮಿಯಲ್ಲಿ ಅತ್ಯಂತ ಪ್ರಬಲವಾದವುಗಳಲ್ಲಿ ಒಂದು. ಅದರ ನಡುಭಾಗದಲ್ಲಿ ವೇಗ ಗಂಟೆಗೆ 300 ಕಿಲೋಮೀಟರನ್ನು ಮೀರುವುದು ಅಪರೂಪವೇನಲ್ಲ. ಹಿಮಾಲಯದ ದಕ್ಷಿಣ ಅಂಚಿನಲ್ಲಿಯೂ ಚಳಿಗಾಲದಲ್ಲಿ ಇಂಥದೇ ಪಟ್ಟಿಯೊಂದು ಸಾಗುತ್ತದೆ. ಅಂದರೆ ನಿಮ್ಮ ವಿಮಾನದ ದಾರಿಯ ಬಹುಪಾಲು ಈ ಗಾಳಿಯೊಳಗೇ ಇರುತ್ತದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಈ ಗಾಳಿಯನ್ನು ಕ್ರಮಬದ್ಧವಾಗಿ ಅಳೆದವರಲ್ಲಿ ಮೊದಲಿಗರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. ಟೋಕಿಯೊದ ಈಶಾನ್ಯಕ್ಕಿರುವ ತಾತೆನೊ ವೀಕ್ಷಣಾಲಯದಲ್ಲಿ ಅವರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸಾಗುವ ದಿಕ್ಕು ಮತ್ತು ವೇಗವನ್ನು ನೆಲದಿಂದಲೇ ಅಳೆದು ದಾಖಲಿಸಿದರು. ಹೊರಜಗತ್ತಿಗೆ ತಲುಪಲಿ ಎಂದು 1926ರಲ್ಲಿ ತಮ್ಮ ವರದಿಯನ್ನು, ಬೇರೆ ಬೇರೆ ದೇಶಗಳ ಜನರಿಗೆ ಸಾಮಾನ್ಯ ಭಾಷೆಯಾಗಲೆಂದು ರೂಪಿಸಲಾಗಿದ್ದ ಎಸ್ಪೆರಾಂಟೊದಲ್ಲಿ ಪ್ರಕಟಿಸಿದರು. ದುರದೃಷ್ಟವಶಾತ್ ಆ ಭಾಷೆಯನ್ನು ಓದಬಲ್ಲವರು ತೀರ ಕಡಿಮೆ ಇದ್ದುದರಿಂದ ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ ಜಪಾನಿನ ಮೇಲೆ ಅತಿ ಎತ್ತರದಲ್ಲಿ ಹಾರಿದ ಅಮೆರಿಕದ ವಿಮಾನಗಳು ಈ ಗಾಳಿಗೆ ಸಿಕ್ಕಿದ ಮೇಲೆಯೇ ಅದರ ಬಲ ಎಲ್ಲರಿಗೂ ಮನವರಿಕೆಯಾಯಿತು.

ಈಗ ಲೆಕ್ಕಕ್ಕೆ ಬರೋಣ. ದಾರಿ 6,400 ಕಿಲೋಮೀಟರ್, ಗಾಳಿಗೆ ಹೋಲಿಸಿದಂತೆ ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ 7 ಗಂಟೆ 7 ನಿಮಿಷ. ಜನವರಿಯಲ್ಲಿ ಇಡೀ ದಾರಿಯ ಸರಾಸರಿಯಾಗಿ ಬೆನ್ನ ಹಿಂದೆ ಗಂಟೆಗೆ 110 ಕಿಲೋಮೀಟರ್ ಗಾಳಿ ಇದೆ ಎಂದು ಊಹಿಸಿದರೆ ನೆಲಕ್ಕೆ ಹೋಲಿಸಿದ ವೇಗ 1,010 ಆಗಿ, ಪೂರ್ವಕ್ಕೆ ಹೋಗಲು 6 ಗಂಟೆ 20 ನಿಮಿಷ ಸಾಕು. ಅದೇ ಗಾಳಿ ಎದುರಾದಾಗ ವೇಗ 790ಕ್ಕೆ ಇಳಿದು, ಪಶ್ಚಿಮಕ್ಕೆ ಬರಲು 8 ಗಂಟೆ 6 ನಿಮಿಷ ಬೇಕು. ಇವೆರಡಕ್ಕೂ ಮೇಲೇರುವ ಮತ್ತು ಕೆಳಗಿಳಿಯುವ ನಿಧಾನಗತಿಗಾಗಿ ಅರ್ಧ ಗಂಟೆಯ ಹತ್ತಿರ, ನೆಲದ ಮೇಲಿನ ಓಡಾಟಕ್ಕಾಗಿ ಇನ್ನೊಂದು ಅರ್ಧ ಗಂಟೆ, ಜೊತೆಗೆ ವೇಳಾಪಟ್ಟಿಯ ಮುಂಜಾಗ್ರತೆಯ ನಿಮಿಷಗಳನ್ನು ಸೇರಿಸಿದರೆ ನಿಮ್ಮ ಟಿಕೆಟಿನ ಅಂಕಿಗಳ ಹತ್ತಿರಕ್ಕೇ ಬರುತ್ತೀರಿ.

ಇದರಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹೋಗುವಾಗ ಗಾಳಿಯಿಂದ ಉಳಿದದ್ದು 47 ನಿಮಿಷ, ಬರುವಾಗ ಅದೇ ಗಾಳಿಯಿಂದ ಕಳೆದುಕೊಂಡದ್ದು 59 ನಿಮಿಷ. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗುವುದರಿಂದ ಆ ಗಾಳಿಯೊಳಗೆ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಹಾಗಾಗಿ ಲಾಭ ನಷ್ಟಗಳು ಎಂದೂ ಸರಿಹೋಗುವುದಿಲ್ಲ. ಬರುವಾಗ ಚಾಲಕರು ಮತ್ತು ದಾರಿ ನಿರ್ಧರಿಸುವ ಸಿಬ್ಬಂದಿ ಪ್ರವಾಹದ ನಡುಭಾಗವನ್ನು ತಪ್ಪಿಸಲು ಬೇರೆ ಎತ್ತರವನ್ನೋ, ಕೊಂಚ ಉದ್ದವಾದರೂ ಗಾಳಿ ಕಡಿಮೆ ಇರುವ ಇನ್ನೊಂದು ದಾರಿಯನ್ನೋ ಆರಿಸಿಕೊಳ್ಳುವುದುಂಟು. ನೆಲದ ಮೇಲೆ ಉದ್ದವಾದ ದಾರಿ ಗಡಿಯಾರದಲ್ಲಿ ಚಿಕ್ಕದಾಗಬಹುದು.

ಬೇಸಿಗೆಯಲ್ಲಿ ಈ ಪ್ರವಾಹ ಉತ್ತರಕ್ಕೆ ಸರಿದು ದುರ್ಬಲವಾಗುತ್ತದೆ. ಸರಾಸರಿ ಗಾಳಿ ಗಂಟೆಗೆ 40 ಕಿಲೋಮೀಟರಿಗೆ ಇಳಿಯಿತು ಎಂದರೆ ಎರಡು ದಿಕ್ಕುಗಳ ನಡುವಿನ ಅಂತರ ಒಂದು ಮುಕ್ಕಾಲು ಗಂಟೆಯಿಂದ 40 ನಿಮಿಷದೊಳಕ್ಕೆ ಬರುತ್ತದೆ. ವಿಮಾನ ಸಂಸ್ಥೆಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರದಿಂದ ಹೊಸ ವೇಳಾಪಟ್ಟಿಗೆ ಬದಲಾಗುತ್ತವೆ. ಒಂದೇ ವಿಮಾನದ ಬೇಸಿಗೆಯ ಮತ್ತು ಚಳಿಗಾಲದ ಅವಧಿಗಳನ್ನು ಹೋಲಿಸಿದರೆ ಗಾಳಿಯ ಈ ಏರಿಳಿತ ಅದರಲ್ಲಿಯೂ ಕಾಣಿಸುತ್ತದೆ. ನೀವು ಹೊರಟಿರುವುದು ವ್ಯತ್ಯಾಸ ಅತಿ ಹೆಚ್ಚಿರುವ ತಿಂಗಳಲ್ಲಿ.

---

ಪಯಣಾಪೇಕ್ಷಿ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಾತ್ರೆಯ ಗಂಟೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಈಗ ಒಂದು ಉಪಪ್ರಶ್ನೆ ಹುಟ್ಟಿದೆ. ಬರುವಾಗ ಹತ್ತು ಗಂಟೆ ಒಂದೇ ಸಮನೆ ಕುಳಿತಿರುವ ಬದಲು ಹಾಂಗ್‌ಕಾಂಗ್, ಬ್ಯಾಂಕಾಕ್ ಅಥವಾ ಸಿಂಗಪುರದಲ್ಲಿ ವಿಮಾನ ಬದಲಾಯಿಸಿದರೆ ತಾಯಿಯವರಿಗೆ ಅನುಕೂಲವಾಗಬಹುದೇ? ದೂರ ಎಷ್ಟು ಹೆಚ್ಚಾಗುತ್ತದೆ? ಹಾಗೆಯೇ ಟೋಕಿಯೊದ ಎರಡು ನಿಲ್ದಾಣಗಳಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಒಳ್ಳೆಯದು?

---

ಉತ್ತರ: ನಕ್ಷೆಯ_ಒಲವು

ಗಾಳಿಯ ಬಗೆಗಿನ ವಿವರಣೆ ನನ್ನ ಉತ್ತರವನ್ನು ಪೂರ್ಣಗೊಳಿಸಿತು. ದೂರಗಳನ್ನು ನಾನು ಹೇಳುತ್ತೇನೆ. ಇವೆಲ್ಲ ಮಹಾವೃತ್ತದ ಅಳತೆಗಳು. ಪ್ರತಿಯೊಂದರಲ್ಲೂ ಮೊದಲನೆಯದು ದೆಹಲಿಯ ಕಡೆಯ ತುಂಡು, ಎರಡನೆಯದು ಟೋಕಿಯೊ ಕಡೆಯದು. ಹಾಂಗ್‌ಕಾಂಗ್ ಮೂಲಕ ಹೋದರೆ 3,750 ಮತ್ತು 2,900, ಒಟ್ಟು ಸುಮಾರು 6,650 ಕಿಲೋಮೀಟರ್. ನೇರ ವಿಮಾನ ವಾಸ್ತವವಾಗಿ ಹಾರುವ 6,400ಕ್ಕಿಂತ ಅಷ್ಟೇನೂ ಹೆಚ್ಚಲ್ಲ. ಬ್ಯಾಂಕಾಕ್ ಮೂಲಕ 2,950 ಮತ್ತು 4,590, ಒಟ್ಟು 7,540. ಸಿಂಗಪುರ ಬಹಳ ದಕ್ಷಿಣಕ್ಕಿರುವುದರಿಂದ 4,160 ಮತ್ತು 5,300 ಸೇರಿ 9,460 ಆಗುತ್ತದೆ; ದೂರದ ದೃಷ್ಟಿಯಿಂದ ಅದನ್ನು ಕೈಬಿಡುವುದೇ ಸರಿ.

---

ಉತ್ತರ: ವೇಳಾಪಟ್ಟಿ_ಓದುಗ

ದೂರ ಹೆಚ್ಚಾಗದಿದ್ದರೂ ಹೊತ್ತು ಹೆಚ್ಚಾಗುತ್ತದೆ ಎಂಬುದನ್ನು ಸೇರಿಸಬೇಕು. ಎರಡು ಬಾರಿ ಮೇಲೇರಿ, ಎರಡು ಬಾರಿ ಇಳಿದು, ನಡುವೆ ಎರಡು ಮೂರು ಗಂಟೆ ಕಾಯಬೇಕು. ಹಾಂಗ್‌ಕಾಂಗ್ ಮೂಲಕ ಟೋಕಿಯೊದಿಂದ ಹಿಂತಿರುಗುವಾಗ ಮೊದಲ ವಿಮಾನಕ್ಕೆ ಐದು ಗಂಟೆಯ ಹತ್ತಿರ, ಎರಡನೆಯದಕ್ಕೆ ಆರು ಗಂಟೆಯ ಹತ್ತಿರ, ಕಾಯುವುದನ್ನೂ ಸೇರಿಸಿದರೆ ಹದಿಮೂರು ಹದಿನಾಲ್ಕು ಗಂಟೆ. ಒಂದೇ ಸಲ ಕುಳಿತಿರಬೇಕಾದ ಅವಧಿ ಒಂಬತ್ತೂವರೆಯಿಂದ ಆರಕ್ಕೆ ಇಳಿಯುತ್ತದೆ ಎಂಬುದು ನಿಜ. ಆದರೆ ಬದಲಾಯಿಸುವ ನಿಲ್ದಾಣದಲ್ಲಿ ಉದ್ದುದ್ದದ ನಡಿಗೆ, ಮತ್ತೊಮ್ಮೆ ಭದ್ರತಾ ತಪಾಸಣೆ, ಮೊದಲ ವಿಮಾನ ತಡವಾದರೆ ಎರಡನೆಯದು ತಪ್ಪುವ ಆತಂಕ ಇವೆಲ್ಲ ವಯಸ್ಸಾದವರನ್ನು ಹೆಚ್ಚು ದಣಿಸುತ್ತವೆ. ನನ್ನ ಸಲಹೆ ನೇರ ವಿಮಾನವೇ. ದೆಹಲಿ ಮತ್ತು ಟೋಕಿಯೊ ನಡುವೆ ಏರ್ ಇಂಡಿಯಾ, ಜಪಾನ್ ಏರ್‌ಲೈನ್ಸ್, ಆಲ್ ನಿಪ್ಪಾನ್ ಏರ್‌ವೇಸ್ ಮೂರೂ ಸಂಸ್ಥೆಗಳು ನೇರವಾಗಿ ಹಾರುತ್ತವೆ.

ನಾಲ್ಕು ಗಂಟೆಗೂ ಮೀರಿ ಕುಳಿತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ನೀವು ಹೇಳಿದ ಊತದ ಕಾರಣ ಏನೆಂಬುದನ್ನು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಕಾಲನ್ನು ಒತ್ತಿಹಿಡಿಯುವ ಉದ್ದನೆಯ ಕಾಲುಚೀಲ ಬೇಕೇ ಬೇಡವೇ ಎಂಬುದನ್ನೂ ಅವರೇ ನಿರ್ಧರಿಸಲಿ. ಆಸನವನ್ನು ನಡುದಾರಿಯ ಪಕ್ಕದಲ್ಲಿ ಕೇಳಿ ಪಡೆಯಿರಿ. ಪಕ್ಕದವರನ್ನು ಏಳಿಸಬೇಕಲ್ಲ ಎಂಬ ಸಂಕೋಚಕ್ಕೇ ಹಿರಿಯರು ಗಂಟೆಗಟ್ಟಲೆ ಏಳದೆ ಕುಳಿತಿರುತ್ತಾರೆ. ನಡುದಾರಿಯ ಆಸನವಾದರೆ ಗಂಟೆಗೊಮ್ಮೆ ಎದ್ದು ವಿಮಾನದ ಹಿಂಭಾಗದವರೆಗೆ ನಡೆದು ಬರಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ.

ನಿಲ್ದಾಣದ ವಿಷಯದಲ್ಲಿ ಹನೆಡಾ ಸಿಕ್ಕರೆ ಅದನ್ನೇ ಆರಿಸಿ. ಅದು ನಗರದ ಮಧ್ಯಭಾಗದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. 1978ರಲ್ಲಿ ಆರಂಭವಾದ ನರಿತಾ ಚಿಬಾ ಪ್ರಾಂತ್ಯದಲ್ಲಿ, ಸುಮಾರು 60 ಕಿಲೋಮೀಟರ್ ಆಚೆ ಇದೆ. ಆಕಾಶದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಆದರೆ ನರಿತಾದಲ್ಲಿ ಇಳಿದರೆ ರೈಲಿನಲ್ಲಿ ಇನ್ನೂ ಒಂದು ಗಂಟೆಯಷ್ಟು ಕುಳಿತಿರಬೇಕು, ಮತ್ತು ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಸಾಮಾನು ಹಿಡಿದು ರೈಲು ಬದಲಾಯಿಸುವುದು ತಾಯಿಯವರಿಗೆ ಕಷ್ಟವಾದೀತು. ಟಿಕೆಟಿನಲ್ಲಿ ಕೇವಲ ಟೋಕಿಯೊ ಎಂದು ಕಂಡರೆ ಅಷ್ಟಕ್ಕೇ ಬಿಡದೆ ಯಾವ ನಿಲ್ದಾಣವೆಂದು ನೋಡಿಕೊಂಡೇ ಹಣ ಪಾವತಿಸಿ.

ಜನವರಿಯಲ್ಲಿ ದೆಹಲಿಯ ಮಂಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಟ್ಟ ಮಂಜು ಸಾಮಾನ್ಯವಾಗಿ ತಡರಾತ್ರಿಯಿಂದ ಬೆಳಗಿನವರೆಗೆ ಕವಿಯುತ್ತದೆ. ಸಂಜೆ 5ಕ್ಕೆ ಇಳಿಯುವ ವಿಮಾನಕ್ಕೆ ಅದರ ಕಾಟ ಕಡಿಮೆ. ರಾತ್ರಿ 8ಕ್ಕೆ ಹೊರಡುವ ವಿಮಾನಕ್ಕೂ ಅಷ್ಟಾಗಿ ಇಲ್ಲ, ಆದರೆ ಬೆಳಗಿನ ಮಂಜಿನಿಂದ ದಿನವಿಡೀ ವಿಮಾನಗಳು ತಡವಾಗುತ್ತಾ ಬಂದರೆ ಅದರ ಪರಿಣಾಮ ಸಂಜೆಯವರೆಗೂ ಮುಂದುವರಿಯಬಹುದು. ಹೊರಡುವ ಸಮಯ ಮುಂದಕ್ಕೆ ಹೋದರೂ ರಾತ್ರಿ 8ರ ಮಾತ್ರೆ ಮಾತ್ರ 8ಕ್ಕೇ ಆಗಲಿ, ಅದಕ್ಕಾಗಿ ಒಂದು ಬಾಟಲಿ ನೀರನ್ನು ಭದ್ರತಾ ತಪಾಸಣೆ ಮುಗಿದ ಮೇಲೆ ತೆಗೆದುಕೊಂಡು ಕೈಯಲ್ಲಿಟ್ಟುಕೊಂಡಿರಿ.